ನಾಲ್ಕು ಸೀಮೆಗಳ ನೀರುಗಂಟಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ: ಮೈಸೂರು ಜಿಲ್ಲೆಯ ಪಡುವಣ ಭಾಗದ ಈ ಸೀಮೆಯನ್ನು ತಣಿಸುವ ದೊಡ್ಡ ನದಿಗಳಲ್ಲಿ ಒಂದಾದರೂ ಇಲ್ಲಿ ಹುಟ್ಟಿದುದಲ್ಲ. ಚುಂಚನಕಟ್ಟೆಯ ಬಂಡೆಗಳ ಮೇಲಿಂದ ಧುಮುಕುವ ಕಾವೇರಿಯೂ ಹುಣಸೂರನ್ನು ಹಾದುಹೋಗುವ ಲಕ್ಷ್ಮಣತೀರ್ಥವೂ ಕೊಡಗಿನಲ್ಲಿ ಹುಟ್ಟಿದವು. ಪಿರಿಯಾಪಟ್ಟಣದ ಗದ್ದೆಗಳಿಗೆ ನಾಲೆಯಲ್ಲಿ ಬರುವ ಹಾರಂಗಿಯ ನೀರೂ ಅಲ್ಲಿಯದೇ. ಕೋಟೆಯ ಕಬಿನಿಯಾದರೋ ಕೇರಳದ ವಯನಾಡಿನಿಂದ ಇಳಿದು ಬರುತ್ತದೆ. ಬಂದ ನೀರು ಇಲ್ಲಿಯೇ ನಿಲ್ಲುವುದೂ ಇಲ್ಲ. ತಮಿಳುನಾಡಿನ ಬಯಲುಗಳನ್ನು ಹಾಯ್ದು, ಪುದುಚೇರಿಗೆ ಸೇರಿದ ಕಾರೈಕಾಲಿನವರೆಗೂ ಹೋಗುತ್ತದೆ. ಹೀಗೆ ನಾಲ್ಕು ಸರ್ಕಾರಗಳ ಎಲ್ಲೆಗಳನ್ನು ದಾಟುವ ನೀರನ್ನು ಹಂಚುವವರು ಯಾರು?

ಹಿಂದೆ ಕೆರೆಯ ಕೆಳಗಿನ ಊರುಗಳಲ್ಲಿ ಇಂತಹ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ನೀರುಗಂಟಿಯು ತೂಬನ್ನು ತೆರೆದು ಮುಚ್ಚುತ್ತಿದ್ದನು; ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ಎಷ್ಟು ನೀರೆಂಬುದನ್ನು ಸರದಿಯಂತೆ ನಡೆಸುತ್ತಿದ್ದನು. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಹಲವೆಡೆ ಅವನಿಗೆ ಆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರುತ್ತಿರಲಿಲ್ಲ. ಅವನ ಮಾತನ್ನು ಎಲ್ಲರೂ ನಂಬುವುದಕ್ಕೆ ಇದೂ ಒಂದು ಕಾರಣವಾಗಿದ್ದಿರಬೇಕು. ಊರಿನ ನೀರನ್ನೆಲ್ಲ ಹಂಚಿದವನಿಗೆ ಒಂದು ತುಂಡು ನೆಲವಿಲ್ಲದಿದ್ದುದು ನ್ಯಾಯವೇ ಎಂಬುದು ಬೇರೆ ಮಾತು.

ಕಾವೇರಿಗೆ ಅಂತಹ ನೀರುಗಂಟಿಯೊಬ್ಬನು ದೊರೆಯುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮೈಸೂರು ಮತ್ತು ಮದರಾಸು ಸರ್ಕಾರಗಳು 1892ರಲ್ಲಿಯೂ 1924ರಲ್ಲಿಯೂ ಒಪ್ಪಂದ ಮಾಡಿಕೊಂಡಿದ್ದವು. ಎರಡನೆಯ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ 1974ರ ತರುವಾಯ ವಿವಾದವು ಬಲಿಯಿತು. ಕೇಂದ್ರ ಸರ್ಕಾರವು 1990ರಲ್ಲಿ ನೇಮಿಸಿದ ನ್ಯಾಯಮಂಡಲಿಯ ಅಂತಿಮ ತೀರ್ಪು ಹೊರಬಿದ್ದುದು 2007ರಲ್ಲಿ. ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಅದನ್ನು ತಿದ್ದಿ, ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಎಂದು ಗೊತ್ತುಮಾಡಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು.

ಅದೇ ವರ್ಷದ ಜೂನ್ ತಿಂಗಳಿನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ಅದಕ್ಕೆ ನೆರವಾಗುವ ನಿಯಂತ್ರಣ ಸಮಿತಿಯೂ ಸ್ಥಾಪನೆಗೊಂಡವು. ಕೇಂದ್ರದವರೊಡನೆ ನಾಲ್ಕೂ ಸರ್ಕಾರಗಳ ಪ್ರತಿನಿಧಿಗಳು ಇಲ್ಲಿ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಕರ್ನಾಟಕದ ಕೃಷ್ಣರಾಜಸಾಗರ, ಕಬಿನಿ, ಹಾರಂಗಿ, ಹೇಮಾವತಿ, ತಮಿಳುನಾಡಿನ ಮೆಟ್ಟೂರು, ಭವಾನಿಸಾಗರ, ಅಮರಾವತಿ, ಕೇರಳದ ಬಾಣಾಸುರಸಾಗರ ಎಂಬ ಎಂಟು ಜಲಾಶಯಗಳ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳ ಲೆಕ್ಕವು ಸಮಿತಿಯ ಮುಂದೆ ಬರುತ್ತದೆ. ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗವು ನದಿಯನ್ನು ಅಳೆಯುತ್ತದೆ. ಸಾಧಾರಣ ವರ್ಷದಲ್ಲಿ ಅಲ್ಲಿ 177.25 ಟಿಎಂಸಿ ಹರಿದು ಹೋಗಬೇಕು. ಜೂನ್ ತಿಂಗಳಿಗೆ 9.19, ಆಗಸ್ಟಿಗೆ 45.95 ಎಂದು ತಿಂಗಳುಗಳಿಗೂ ಪಾಲುಂಟು. ಅಳೆಯುವವನು ಮೇಲಿನವನೂ ಅಲ್ಲ, ಕೆಳಗಿನವನೂ ಅಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಆಗ್ನೇಯ ಏಷ್ಯದ ಮೆಕಾಂಗ್ ನದಿಗಾಗಿ ಲಾವೋಸ್, ಥಾಯ್ಲೆಂಡ್, ಕಾಂಬೋಡಿಯ, ವಿಯೆಟ್ನಾಂ ದೇಶಗಳು 1995ರಲ್ಲಿ ಆಯೋಗವೊಂದನ್ನು ರಚಿಸಿಕೊಂಡವು. ಆದರೆ ನದಿಯ ತಲೆಯ ಕಡೆಯಲ್ಲಿರುವ ಚೀನವು ಅದರ ಸದಸ್ಯನಲ್ಲ. ಕಾವೇರಿಯ ಮೇಜಿನ ಬಳಿ ವಯನಾಡಿನ ಕೇರಳಕ್ಕೂ ಕುರ್ಚಿಯಿದೆ.

ಆ ಕುರ್ಚಿಯ ಬೆಲೆ ಬೀಚನಹಳ್ಳಿಯಲ್ಲಿ ತಿಳಿಯುತ್ತದೆ. ಅಲ್ಲಿನ ಕಬಿನಿ ಜಲಾಶಯವು ತುಂಬಿದರೆ ಹಿಡಿಯುವುದು 19.52 ಟಿಎಂಸಿ ಮಾತ್ರ. ಕೃಷ್ಣರಾಜಸಾಗರದ ಅರ್ಧವೂ ಇಲ್ಲ. ವಯನಾಡಿನಲ್ಲಿಯೋ ಮಳೆ ಅಪಾರ. ಆದುದರಿಂದ ಕಬಿನಿಯು ಬೇಗ ತುಂಬುತ್ತದೆ. ಬಾಣಾಸುರಸಾಗರವು ಕಬಿನಿಯ ಉಪನದಿಗೆ ಕಟ್ಟಿದ ಅಣೆಕಟ್ಟು. ಅದರ ಬಾಗಿಲು ತೆರೆಯುವ ಸುದ್ದಿ ಮುಂಚಿತವಾಗಿ ಬಂದರೆ, ಬೀಚನಹಳ್ಳಿಯವರು ಸ್ವಲ್ಪ ನೀರನ್ನು ಬಿಟ್ಟು ಬರುವ ಪ್ರವಾಹಕ್ಕೆ ಜಾಗ ಮಾಡಿಕೊಳ್ಳಬಹುದು. ತಡವಾದರೆ ಒಮ್ಮೆಲೇ ಬಿಡಬೇಕಾಗುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ವಯನಾಡಿನಲ್ಲಿ ಮಳೆ ಮಿತಿಮೀರಿದಾಗ ಕಪಿಲೆಯು ಉಕ್ಕಿ ನಂಜನಗೂಡಿಗೆ ನುಗ್ಗಿತು.

ನೀರು ಹೆಚ್ಚಾದಾಗ ಲೆಕ್ಕವನ್ನು ಹಂಚಿಕೊಂಡರೆ ಬಹುಪಾಲು ಸಾಕು. ಕಡಿಮೆಯಾದಾಗ ಕೊರತೆಯನ್ನೂ ಹಂಚಿಕೊಳ್ಳಬೇಕು. ಬರಗಾಲದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕೆಂದು ತೀರ್ಪು ಹೇಳುತ್ತದೆ. ಆದರೆ ಬರವನ್ನು ಯಾವ ದಿನದಿಂದ ಎಣಿಸಬೇಕು? ಜುಲೈಯಲ್ಲಿ ಬಾರದ ಮಳೆ ಅಕ್ಟೋಬರಿನಲ್ಲಿ ಬಂದೀತೆಂದು ಕಾಯಬೇಕೆ? ಕೃಷ್ಣರಾಜಸಾಗರದ ಕೆಳಗಿನ ಭತ್ತವೂ ತಂಜಾವೂರಿನ ಭತ್ತವೂ ಏಕಕಾಲದಲ್ಲಿ ಬಾಡುತ್ತಿರುವಾಗ ಇವು ಬರಿಯ ಗಣಿತದ ಪ್ರಶ್ನೆಗಳಾಗಿ ಉಳಿಯುವುದಿಲ್ಲ. 2023ರಲ್ಲಿ ಮುಂಗಾರು ಸೋತಾಗ ದಿನಕ್ಕೆ 5,000 ಕ್ಯುಸೆಕ್ ನೀರು ಬಿಡಬೇಕೆಂದು ಆದೇಶವಾಯಿತು. ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ನಡೆಯಿತು. ತಮಿಳುನಾಡಿನ ರೈತರು ಅದೇ ನೀರು ತಮಗೆ ಸಾಲದೆಂದರು.

ನಾನು ಉಪಾಧ್ಯಾಯನಾಗಿದ್ದಾಗ, ಮಳೆಯಿಲ್ಲದ ಒಂದು ವರ್ಷ, ವಿದ್ಯಾರ್ಥಿಗಳನ್ನು ಬೀಚನಹಳ್ಳಿಗೆ ಕರೆದುಕೊಂಡು ಹೋಗಿದ್ದೆನು. ನೀರು ಬಹಳ ಕೆಳಗಿಳಿದು, ಕಟ್ಟೆಯ ಅಳತೆಪಟ್ಟಿಯು ಬುಡದವರೆಗೂ ಕಾಣುತ್ತಿತ್ತು. ಹುಡುಗನೊಬ್ಬನು ಅದನ್ನೇ ದಿಟ್ಟಿಸುತ್ತ, “ಸಾರ್, ನಮ್ಮ ಪಾಲು ಯಾವ ಗೆರೆಯವರೆಗೆ?” ಎಂದು ಕೇಳಿದನು. ಪಟ್ಟಿಯ ಮೇಲೆ ಅಡಿಗಳ ಗೆರೆಗಳು ಮಾತ್ರ ಇದ್ದವು.