ಜಲಹಾನಿಗೊಳಗಾದ ವಿದ್ಯುನ್ಮಾನ ಸಂಗೀತೋಪಕರಣಗಳ ಪುನಶ್ಚೇತನ

ಜಲಹಾನಿಗೊಳಗಾದ ವಿದ್ಯುನ್ಮಾನ ಸಂಗೀತೋಪಕರಣಗಳ ಪುನಶ್ಚೇತನ ಎಂದರೆ ಪ್ರವಾಹ, ಮಳೆ, ಕೊಳವೆ ಒಡೆತ ಅಥವಾ ಅಗ್ನಿಶಾಮಕ ಜಲಸಿಂಚನದಿಂದ ನೆನೆದ ಸಿಂಥಸೈಜರ್, ಕೀಬೋರ್ಡ್, ಆಂಪ್ಲಿಫೈಯರ್, ಮಿಕ್ಸರ್, ಧ್ವನಿಮುದ್ರಣ ಯಂತ್ರ ಮೊದಲಾದವುಗಳನ್ನು ಶುದ್ಧಗೊಳಿಸಿ, ಒಣಗಿಸಿ, ಪರೀಕ್ಷಿಸಿ ಮರಳಿ ಬಳಕೆಗೆ ತರುವ ಕ್ರಮ. ಉಪಕರಣವು ನೆನೆದ ಮಾತ್ರಕ್ಕೆ ಅದು ನಾಶವಾಯಿತೆಂದು ಭಾವಿಸಬೇಕಾಗಿಲ್ಲ. ಬಹುಪಾಲು ಶಾಶ್ವತ ಹಾನಿಯು ಒದ್ದೆಯಾದ ಉಪಕರಣಕ್ಕೆ ವಿದ್ಯುತ್ ಹರಿಸುವುದರಿಂದ ಹಾಗೂ ಕೊಳೆನೀರು ಒಳಗೇ ಒಣಗಲು ಬಿಡುವುದರಿಂದ ಉಂಟಾಗುತ್ತದೆ.

ಹಾನಿಯ ಸ್ವರೂಪ

ಶುದ್ಧ ನೀರು ವಿದ್ಯುತ್ತಿನ ದುರ್ಬಲ ವಾಹಕ. ಆದರೆ ಪ್ರವಾಹದ ನೀರಿನಲ್ಲಿ ಲವಣ, ಮಣ್ಣು, ಚರಂಡಿಯ ಕಲ್ಮಶ, ತೈಲ ಮತ್ತು ರಾಸಾಯನಿಕಗಳು ಬೆರೆತಿರುತ್ತವೆ. ಕರಗಿದ ಲವಣಗಳ ಅಯಾನುಗಳು ನೀರನ್ನು ಉತ್ತಮ ವಾಹಕವನ್ನಾಗಿಸುತ್ತವೆ. ಇಂತಹ ನೀರು ತುಂಬಿದ ಮಂಡಲಕ್ಕೆ ವಿದ್ಯುತ್ ಹರಿದಾಗ ಧನಧ್ರುವದ ಲೋಹವು ಕರಗಿ ಋಣಧ್ರುವದ ಕಡೆಗೆ ಸಾಗಿ, ಅಲ್ಲಿಂದ ಗಿಡದ ಕೊಂಬೆಗಳಂತೆ ಬೆಳೆಯುತ್ತದೆ. ಈ ಸೂಕ್ಷ್ಮ ಲೋಹತಂತುಗಳು ಪಕ್ಕಪಕ್ಕದ ತಾಮ್ರದ ಗೆರೆಗಳನ್ನು ಬೆಸೆದು ಹ್ರಸ್ವಮಂಡಲವನ್ನು ಉಂಟುಮಾಡುತ್ತವೆ. ಈ ಕ್ರಿಯೆಗೆ ಮನೆಯ ವಿದ್ಯುತ್ತೇ ಬೇಕೆಂದಿಲ್ಲ, ಉಪಕರಣದೊಳಗಿನ ಚಿಕ್ಕ ಬ್ಯಾಟರಿಯೂ ಸಾಕಾಗುತ್ತದೆ.

ವಿದ್ಯುತ್ ಇಲ್ಲದಿದ್ದರೂ ತುಕ್ಕು ಹಿಡಿಯುವಿಕೆ ನಿಲ್ಲುವುದಿಲ್ಲ. ಕಬ್ಬಿಣದ ಭಾಗಗಳು ಕೆಂಪಾಗುತ್ತವೆ, ತಾಮ್ರದ ಮೇಲೆ ಹಸಿರು ಪದರ ಕೂರುತ್ತದೆ. ಸಮುದ್ರದ ನೀರಿನಲ್ಲಿರುವ ಕ್ಲೋರೈಡ್ ಈ ಕ್ರಿಯೆಯನ್ನು ತೀವ್ರಗೊಳಿಸುತ್ತದೆ. ಉಳಿದ ಲವಣವು ಗಾಳಿಯ ತೇವವನ್ನು ಹೀರಿ ಮತ್ತೆ ಮತ್ತೆ ಸಕ್ರಿಯವಾಗುವುದರಿಂದ, ದುರಸ್ತಿಯಾಗಿ ನುಡಿಯುತ್ತಿರುವ ಉಪಕರಣವು ಕೆಲವು ತಿಂಗಳುಗಳ ನಂತರ ಕೈಕೊಡುವುದುಂಟು. ಮರದ ಪೆಟ್ಟಿಗೆ, ಬಟ್ಟೆ ಮತ್ತು ಕಾಗದದ ಭಾಗಗಳಲ್ಲಿ ೨೪ರಿಂದ ೪೮ ಗಂಟೆಗಳೊಳಗೆ ಬೂಷ್ಟು ಬೆಳೆಯಲಾರಂಭಿಸಬಹುದು.

ಸುರಕ್ಷತೆ

ಜಲಾವೃತ ಕೊಠಡಿಯನ್ನು ಪ್ರವೇಶಿಸುವ ಮೊದಲು ಕಟ್ಟಡದ ವಿದ್ಯುತ್ ಸಂಪರ್ಕವನ್ನು ಅರ್ಹರಿಂದ ಕಡಿತಗೊಳಿಸಬೇಕು. ನೀರಿನಲ್ಲಿ ನಿಂತು ಪ್ಲಗ್ ಕೀಳುವುದು ಪ್ರಾಣಾಪಾಯಕರ. ಪ್ಲಗ್ ತೆಗೆದ ನಂತರವೂ ಅಪಾಯ ಉಳಿದಿರಬಹುದು. ನಿರ್ವಾತ ನಳಿಕೆಯ ಆಂಪ್ಲಿಫೈಯರ್‌ಗಳ ಕೆಪಾಸಿಟರ್‌ಗಳು ೪೦೦ ವೋಲ್ಟ್‌ಗಿಂತಲೂ ಹೆಚ್ಚಿನ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಇವನ್ನು ತಕ್ಕ ರೋಧಕದ ಮೂಲಕ ಬರಿದುಮಾಡಿ, ಮಾಪಕದಿಂದ ಖಚಿತಪಡಿಸಿಕೊಳ್ಳದೆ ಒಳಭಾಗವನ್ನು ಮುಟ್ಟಬಾರದು. ಈ ಕೆಲಸ ಅನುಭವಿ ತಂತ್ರಜ್ಞರದು. ನೆನೆದ ಲಿಥಿಯಂ ಬ್ಯಾಟರಿಗಳು ಬಿಸಿಯೇರಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ ಅವನ್ನು ಮನೆಯಿಂದ ಹೊರಗೆ, ದಹನಶೀಲ ವಸ್ತುಗಳಿಂದ ದೂರ ಇಡಬೇಕು. ಕೊಳೆನೀರಿನಲ್ಲಿ ರೋಗಾಣುಗಳಿರುವ ಕಾರಣ ಕೈಗವಸು ಹಾಗೂ ಮುಖಗವಸು ಅಗತ್ಯ.

ಪ್ರಥಮ ಕ್ರಮಗಳು

ಉಪಕರಣವು ಕೆಲಸ ಮಾಡುತ್ತದೆಯೇ ಎಂದು ತಿಳಿಯುವ ಕುತೂಹಲದಿಂದ ಅದನ್ನು ಚಾಲೂ ಮಾಡುವುದೇ ಅತ್ಯಂತ ಸಾಮಾನ್ಯವಾದ ತಪ್ಪು. ಒಂದು ಕ್ಷಣದ ಈ ಪರೀಕ್ಷೆಯಿಂದ ಉಳಿಯಬಹುದಾಗಿದ್ದ ಬಿಡಿಭಾಗಗಳು ಸುಟ್ಟುಹೋಗುತ್ತವೆ. ಇದರ ಬದಲಾಗಿ ಕೆಳಗಿನ ಕ್ರಮಗಳನ್ನು ಅನುಸರಿಸಲಾಗುತ್ತದೆ.

* ನೀರಿನ ಮಟ್ಟ ಎಲ್ಲಿಯವರೆಗೆ ಏರಿತ್ತೆಂಬುದು ಕಾಣುವಂತೆ ಛಾಯಾಚಿತ್ರ ತೆಗೆಯುವುದು ಹಾಗೂ ಕ್ರಮಸಂಖ್ಯೆಗಳನ್ನು ಬರೆದಿಡುವುದು. ವಿಮೆಯ ಪರಿಹಾರಕ್ಕೆ ಇದು ಆಧಾರ.
* ಎಲ್ಲ ಬ್ಯಾಟರಿಗಳನ್ನೂ ಹೊರತೆಗೆಯುವುದು.
* ಹೊದಿಕೆಗಳನ್ನು ಬಿಚ್ಚುವುದು; ಪ್ರತಿ ಹಂತದಲ್ಲಿ ತಂತಿಗಳ ಜೋಡಣೆಯ ಚಿತ್ರ ತೆಗೆದು, ತಿರುಪುಗಳನ್ನು ಪ್ರತ್ಯೇಕವಾಗಿ ಗುರುತಿಸಿಡುವುದು.
* ಎಲ್ಲವನ್ನೂ ಏಕಕಾಲಕ್ಕೆ ಉಳಿಸಲಾಗದಿದ್ದಲ್ಲಿ ಆದ್ಯತೆಯನ್ನು ನಿರ್ಧರಿಸುವುದು. ಮರಳಿ ಕೊಳ್ಳಲಾಗದ ಧ್ವನಿಮುದ್ರಿಕೆಗಳಿಗೆ ಮೊದಲ ಸ್ಥಾನ, ಜೀವನೋಪಾಯದ ಉಪಕರಣಗಳಿಗೆ ನಂತರದ ಸ್ಥಾನ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ವಸ್ತುಗಳಿಗೆ ಕೊನೆಯ ಸ್ಥಾನ.

ಶುದ್ಧೀಕರಣ

ನೆನೆದದ್ದನ್ನು ಮತ್ತೆ ತೊಳೆಯುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಇದೇ ಪುನಶ್ಚೇತನದ ತಿರುಳು. ಕೊಳೆಯು ಒಣಗಿ ಗಟ್ಟಿಯಾಗುವ ಮೊದಲೇ ಮಂಡಲ ಫಲಕಗಳನ್ನು ಶುದ್ಧ ನೀರಿನಿಂದ ತೊಳೆದು, ಮೃದುವಾದ ಕುಂಚದಿಂದ ಉಜ್ಜಿ, ಕೊನೆಯಲ್ಲಿ ಬಟ್ಟಿಯಿಳಿಸಿದ ನೀರಿನಿಂದ ಜಾಲಾಡಿಸಲಾಗುತ್ತದೆ. ನಲ್ಲಿಯ ನೀರಿನಲ್ಲಿಯೂ ಲವಣಗಳಿರುವುದರಿಂದ ಈ ಕೊನೆಯ ಹಂತವನ್ನು ಬಿಡುವಂತಿಲ್ಲ. ಬಳಿಕ ಶೇ. ೯೦ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಯಿಸಿದರೆ, ಅದು ಚಿಪ್‌ಗಳ ಅಡಿಯಲ್ಲಿ ಉಳಿದ ನೀರಿನೊಡನೆ ಬೆರೆತು ಬೇಗ ಆವಿಯಾಗುತ್ತದೆ. ಇದು ದಹನಶೀಲವಾದ್ದರಿಂದ ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರವಿದ್ದು ಬಳಸಬೇಕು. ಸಮುದ್ರದ ನೀರಿನಲ್ಲಿ ಮುಳುಗಿದ ಫಲಕಗಳನ್ನು ತಕ್ಷಣ ತೊಳೆಯಲಾಗದಿದ್ದರೆ ಗಾಳಿಗೆ ಒಣಗಲು ಬಿಡುವುದಕ್ಕಿಂತ ಶುದ್ಧ ಸಿಹಿನೀರಿನಲ್ಲಿ ಮುಳುಗಿಸಿಡುವುದು ಮೇಲು.

ಎಲ್ಲ ಭಾಗಗಳಿಗೂ ಒಂದೇ ವಿಧಾನ ಸಲ್ಲದು. ಧ್ವನಿವರ್ಧಕದ ಕಾಗದದ ಶಂಕು ನೀರು ಕುಡಿದು ಸೊಟ್ಟಗಾಗುವುದರಿಂದ ಅದನ್ನು ಸಾಮಾನ್ಯವಾಗಿ ಬದಲಾಯಿಸಬೇಕಾಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ಸುರುಳಿಗಳ ನಡುವೆ ಸೇರಿದ ತೇವ ಬಹುಕಾಲ ಉಳಿಯುತ್ತದೆ. ಕೀಲಿಗಳ ಅಡಿಯಲ್ಲಿರುವ ಇಂಗಾಲಲೇಪಿತ ರಬ್ಬರ್ ಸಂಪರ್ಕಗಳನ್ನು ಒರಟಾಗಿ ಉಜ್ಜಿದರೆ ಲೇಪ ಕಿತ್ತುಬಂದು ಸ್ವರಗಳು ನುಡಿಯದಾಗುತ್ತವೆ. ತಿರುಗುಗುಂಡಿ ಮತ್ತು ಜಾರುಗುಂಡಿಗಳನ್ನು ಪ್ರತ್ಯೇಕವಾಗಿ ಶುದ್ಧಗೊಳಿಸಿ, ಸವೆದವನ್ನು ಬದಲಾಯಿಸಲಾಗುತ್ತದೆ.

ಒಣಗಿಸುವಿಕೆ

ಫಲಕಗಳನ್ನು ನೀರು ಬಸಿಯುವಂತೆ ಓರೆಯಾಗಿ ನಿಲ್ಲಿಸಿ, ಬೀಸಣಿಗೆಯ ಗಾಳಿಯಲ್ಲಿ ಹಲವು ದಿನ ಇಡಲಾಗುತ್ತದೆ. ೪೦ರಿಂದ ೫೦ ಡಿಗ್ರಿ ಸೆಲ್ಸಿಯಸ್ ಮೀರದ ಹದವಾದ ಶಾಖ ಸಹಾಯಕ. ಅಡುಗೆಯ ಒಲೆಯಾಗಲಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಾಗಲಿ ಪ್ಲಾಸ್ಟಿಕ್ ಭಾಗಗಳನ್ನು ಬಾಗಿಸಬಲ್ಲದು. ಉಪಕರಣವನ್ನು ಅಕ್ಕಿಯಲ್ಲಿ ಹುಗಿದಿಡುವ ರೂಢಿ ಪ್ರಚಲಿತವಾಗಿದ್ದರೂ ಅದರಿಂದ ಪ್ರಯೋಜನ ಅತ್ಯಲ್ಪ. ಅಕ್ಕಿಯು ಲವಣವನ್ನು ತೆಗೆಯಲಾರದು, ಮೇಲಾಗಿ ಅದರ ಹಿಟ್ಟು ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಬಳಸುವುದು ಇದಕ್ಕಿಂತ ಉತ್ತಮ.

ವಿದ್ಯುತ್ ಪರೀಕ್ಷೆ

ಪೂರ್ಣವಾಗಿ ಒಣಗಿದ ನಂತರ ಮೊದಲು ವಿದ್ಯುತ್ ಪೂರೈಕೆಯ ಭಾಗವನ್ನು ಮಾತ್ರ ಪ್ರತ್ಯೇಕವಾಗಿ ಪರೀಕ್ಷಿಸಲಾಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ನಿರೋಧಕ ಶಕ್ತಿಯನ್ನು ಮೆಗ್ಗರ್‌ನಿಂದ ಅಳೆಯಲಾಗುತ್ತದೆ. ಉಪಕರಣದ ಸಾಲಿನಲ್ಲಿ ಒಂದು ಹಳೆಯ ಮಾದರಿಯ ತಂತುದೀಪವನ್ನು ಸರಣಿಯಾಗಿ ಜೋಡಿಸುವುದು ತಂತ್ರಜ್ಞರ ಸರಳ ಉಪಾಯ. ಒಳಗೆ ಹ್ರಸ್ವಮಂಡಲವಿದ್ದರೆ ದೀಪವು ಪೂರ್ಣ ಪ್ರಕಾಶದಿಂದ ಉರಿದು ವಿದ್ಯುತ್ ಪ್ರವಾಹವನ್ನು ಮಿತಗೊಳಿಸುತ್ತದೆ. ಎಲ್ಲವೂ ಸರಿಯಿದ್ದರೆ ಕ್ಷಣಕಾಲ ಮಿನುಗಿ ಮಂದವಾಗುತ್ತದೆ. ವೇರಿಯಾಕ್ ಮೂಲಕ ವೋಲ್ಟೇಜನ್ನು ಹಂತಹಂತವಾಗಿ ಏರಿಸುವ ವಿಧಾನವು ಹಳೆಯ ಮಾದರಿಯ ಪೂರೈಕೆಗಳಿಗೆ ಸೂಕ್ತವೇ ಹೊರತು ಸ್ವಿಚಿಂಗ್ ಮಾದರಿಗಳಿಗಲ್ಲ. ಕಡಿಮೆ ವೋಲ್ಟೇಜಿನಲ್ಲಿ ಅವು ಹೆಚ್ಚಿನ ಪ್ರವಾಹವನ್ನು ಎಳೆದುಕೊಳ್ಳುತ್ತವೆ.

ಸ್ಮೃತಿ ಮತ್ತು ಧ್ವನಿಮುದ್ರಿಕೆಗಳು

೧೯೮೦ರ ದಶಕದ ಅನೇಕ ಸಿಂಥಸೈಜರ್‌ಗಳು ಕಲಾವಿದರು ರೂಪಿಸಿದ ಧ್ವನಿಗಳನ್ನು ಬ್ಯಾಟರಿಯ ಆಸರೆಯುಳ್ಳ ಸ್ಮೃತಿಯಲ್ಲಿ ಕಾಪಾಡುತ್ತವೆ. ೧೯೮೩ರ ಯಮಾಹಾ ಡಿಎಕ್ಸ್೭, ೧೯೮೪ರ ರೋಲೆಂಡ್ ಜುನೋ-೧೦೬ ಇದಕ್ಕೆ ನಿದರ್ಶನಗಳು. ನೆನೆದಾಗ ಬ್ಯಾಟರಿಯನ್ನು ತೆಗೆದರೆ ಆ ಧ್ವನಿಗಳು ಅಳಿಸಿಹೋಗುತ್ತವೆ, ತೆಗೆಯದಿದ್ದರೆ ಫಲಕವೇ ಕ್ಷಯಿಸುತ್ತದೆ. ಇಂತಹ ಸಂದರ್ಭದಲ್ಲಿ ಫಲಕವನ್ನು ಉಳಿಸುವುದೇ ವಿವೇಕ. ಆದುದರಿಂದ ಧ್ವನಿಗಳನ್ನು ಮುಂಚಿತವಾಗಿಯೇ ಮಿಡಿ ಮೂಲಕ ಗಣಕಕ್ಕೆ ನಕಲು ಮಾಡಿಡುವುದು ಉಚಿತ. ೧೯೮೧ರ ಕೊರ್ಗ್ ಪಾಲಿಸಿಕ್ಸ್‌ನಲ್ಲಿ ನೀರು ತಾಗದಿದ್ದರೂ ಒಳಗಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಫಲಕವನ್ನು ತಿನ್ನುವುದು ಸುಪರಿಚಿತ ದೋಷವಾಗಿದೆ.

ನೆನೆದ ಕಾಂತೀಯ ಪಟ್ಟಿಗಳನ್ನು ಸುತ್ತಿದ ಸ್ಥಿತಿಯಲ್ಲಿ ಒಣಗಲು ಬಿಟ್ಟರೆ ಪದರಗಳು ಅಂಟಿಕೊಳ್ಳಬಹುದು. ತಜ್ಞರ ಕೈಸೇರುವವರೆಗೆ ಅವನ್ನು ತಂಪಾದ ಶುದ್ಧ ನೀರಿನಲ್ಲಿ ಇಡಲಾಗುತ್ತದೆ, ಹೆಪ್ಪುಗಟ್ಟಿಸುವುದಿಲ್ಲ. ಗಣಕದ ಹಾರ್ಡ್ ಡಿಸ್ಕನ್ನು ಬಿಚ್ಚದೆ, ಚಾಲೂ ಮಾಡದೆ ದತ್ತಾಂಶ ತಜ್ಞರಿಗೆ ಒಪ್ಪಿಸಬೇಕು.

ನ್ಯಾಶ್‌ವಿಲ್ ಪ್ರವಾಹ

ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ೨೦೧೦ರ ಮೇ ೧ ಮತ್ತು ೨ರಂದು ೧೩ ಅಂಗುಲಕ್ಕೂ ಅಧಿಕ ಮಳೆ ಸುರಿಯಿತು. ಮೇ ೩ರಂದು ಕಂಬರ್‌ಲೆಂಡ್ ನದಿಯು ೫೧.೮೬ ಅಡಿಗಳಿಗೆ ಏರಿತು. ನದೀತೀರದ ಸೌಂಡ್‌ಚೆಕ್ ಎಂಬ ತಾಲೀಮು ಹಾಗೂ ದಾಸ್ತಾನು ಕೇಂದ್ರದಲ್ಲಿ ವಿನ್ಸ್ ಗಿಲ್, ಬ್ರಾಡ್ ಪೈಸ್ಲಿ, ಕೀತ್ ಅರ್ಬನ್ ಮೊದಲಾದ ಕಲಾವಿದರ ಗಿಟಾರ್, ಆಂಪ್ಲಿಫೈಯರ್ ಮತ್ತಿತರ ಸಾಮಗ್ರಿಗಳು ಮುಳುಗಿದವು. ಮ್ಯುಸಿಷಿಯನ್ಸ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯದ ಸಂಗ್ರಹವೂ ಅಲ್ಲಿತ್ತು. ನೀರು ಇಳಿಯುವವರೆಗೆ ಹಲವು ದಿನ ಮಾಲೀಕರಿಗೆ ಒಳಹೋಗಲಾಗಲಿಲ್ಲ. ನಂತರ ಸ್ಥಳೀಯ ವಾದ್ಯ ದುರಸ್ತಿಗಾರರು ವಾದ್ಯಗಳನ್ನು ಬಿಚ್ಚಿ, ಶುದ್ಧಗೊಳಿಸಿ, ನಿಧಾನವಾಗಿ ಒಣಗಿಸಿ ಹಲವನ್ನು ಉಳಿಸಿದರು. ಗ್ರ್ಯಾಂಡ್ ಓಲ್ ಆಪ್ರಿ ಸಭಾಂಗಣದ ವೇದಿಕೆಯೂ ಜಲಾವೃತವಾಗಿ, ಅದೇ ವರ್ಷದ ಸೆಪ್ಟೆಂಬರ್ ೨೮ರಂದು ಪುನರಾರಂಭಗೊಂಡಿತು. ಸಂಗೀತೋದ್ಯಮವನ್ನೇ ನೆಚ್ಚಿದ ನಗರದಲ್ಲಿ ಒಂದೇ ದಾಸ್ತಾನಿನಲ್ಲಿ ಅನೇಕರ ಜೀವನೋಪಾಯವನ್ನು ಇರಿಸುವುದರ ಅಪಾಯವನ್ನು ಈ ಘಟನೆ ತೋರಿಸಿತು.

ಭಾರತೀಯ ಸಂದರ್ಭ

ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಮತ್ತು ತಂಬೂರಿಗಳು ಕರ್ನಾಟಕದ ಸಂಗೀತಗಾರರ ಮನೆಗಳಲ್ಲಿ ಸಾಮಾನ್ಯ. ಇವುಗಳ ಅಭಿವೃದ್ಧಿಯಲ್ಲಿ ಬೆಂಗಳೂರಿನ ವೇಣುವಾದಕ ಹಾಗೂ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರದು ಪ್ರವರ್ತಕ ಪಾತ್ರ. ಈ ಚಿಕ್ಕ ಪೆಟ್ಟಿಗೆಗಳಿಗೂ ಮೇಲಿನ ನಿಯಮಗಳೇ ಅನ್ವಯಿಸುತ್ತವೆ. ಒಳಗೆ ಉಳಿದ ಶುಷ್ಕಕೋಶಗಳ ಸೋರಿಕೆಯು ಮಳೆನೀರಿನಷ್ಟೇ ಹಾನಿಕರ. ಕ್ಷಾರೀಯ ಕೋಶದ ಸೋರಿಕೆಯನ್ನು ತಿಳಿಯಾದ ವಿನೆಗರ್‌ನಿಂದ ತಟಸ್ಥಗೊಳಿಸಿ, ಬಟ್ಟಿಯಿಳಿಸಿದ ನೀರಿನಿಂದ ಒರೆಸಲಾಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಪ್ರವಾಹವಿಲ್ಲದಿದ್ದರೂ ಮಳೆಗಾಲದ ತೇವವೇ ಸಂಪರ್ಕಗಳನ್ನು ಕೆಡಿಸಬಲ್ಲದು. ಉಪಕರಣಗಳನ್ನು ನೆಲದಿಂದ ಎತ್ತರದಲ್ಲಿಡುವುದು, ಬಹುಕಾಲ ಬಳಸದಿದ್ದಾಗ ಕೋಶಗಳನ್ನು ತೆಗೆದಿಡುವುದು ಖರ್ಚಿಲ್ಲದ ಮುನ್ನೆಚ್ಚರಿಕೆಗಳು.

ಮಿತಿಗಳು

ಪುನಶ್ಚೇತನಗೊಂಡ ಉಪಕರಣವು ಹೊಸದರಷ್ಟು ವಿಶ್ವಾಸಾರ್ಹವೆಂದು ಹೇಳಲಾಗದು. ಮನೆಯ ೨೩೦ ವೋಲ್ಟ್ ವಿದ್ಯುತ್ತಿಗೆ ನೇರವಾಗಿ ಜೋಡಿಸುವ ತಂತಿ, ಸ್ವಿಚ್ಚು ಮತ್ತು ಫ್ಯೂಸುಗಳನ್ನು ಶುದ್ಧಗೊಳಿಸಿ ಮರುಬಳಸುವುದಕ್ಕಿಂತ ಬದಲಾಯಿಸುವುದು ಕ್ಷೇಮ. ದುರಸ್ತಿಯ ವೆಚ್ಚವು ವಸ್ತುವಿನ ಬೆಲೆಯನ್ನು ಮೀರಿದಾಗ, ಅದರಿಂದ ಬಿಡಿಭಾಗಗಳನ್ನು ಪಡೆದು ಬೇರೊಂದನ್ನು ಉಳಿಸುವುದುಂಟು. ನೀರು ಹೊಕ್ಕ ಉಪಕರಣವನ್ನು ಮಾರುವಾಗ ಆ ಸಂಗತಿಯನ್ನು ಮುಚ್ಚಿಟ್ಟರೆ ಕೊಳ್ಳುವವರಿಗೆ ಹಣದ ನಷ್ಟ ಮಾತ್ರವಲ್ಲ, ಜೀವಾಪಾಯವೂ ಒದಗಬಹುದು. ಹೀಗಾಗಿ ನಡೆದ ಹಾನಿ ಮತ್ತು ಮಾಡಿದ ದುರಸ್ತಿಯ ವಿವರವನ್ನು ಬರೆದು ಉಪಕರಣದೊಂದಿಗೇ ಇರಿಸುವುದು ಉತ್ತಮ ಪದ್ಧತಿಯೆನಿಸಿದೆ.