ಸಸ್ಯಗಳಲ್ಲಿ ಜೀನ್ ಅಳವಡಿಕೆ: ಸಾಫಲ್ಯದ ಎರಡು ಮೆಟ್ಟಿಲುಗಳು

ಗಾಯಗೊಂಡ ಗಿಡದ ಜೀವಕೋಶದೊಳಕ್ಕೆ ತನ್ನ ಡಿಎನ್‌ಎಯ ತುಣುಕೊಂದನ್ನು ಸಾಗಿಸಿ ಅಲ್ಲಿ ಗಂಟುರೋಗವನ್ನುಂಟುಮಾಡುವುದು ಮಣ್ಣಿನಲ್ಲಿ ವಾಸಿಸುವ ಅಗ್ರೋಬ್ಯಾಕ್ಟೀರಿಯಮ್ ಎಂಬ ಸೂಕ್ಷ್ಮಜೀವಿಯ ಸ್ವಭಾವ. ಆ ತುಣುಕಿನಿಂದ ಗಂಟಿಗೆ ಕಾರಣವಾದ ಜೀನುಗಳನ್ನು ತೆಗೆದು, ಬೇಕಾದ ಜೀನನ್ನು ಇರಿಸಿ, 1983ರಲ್ಲಿ ಹೊಗೆಸೊಪ್ಪಿನ ಗಿಡಗಳನ್ನು ಮಾರ್ಪಡಿಸಲಾಯಿತು. ಆದರೆ ಹೊಗೆಸೊಪ್ಪಿನಲ್ಲಿ ಸುಲಭವಾದುದು ಧಾನ್ಯಗಳಲ್ಲಿಯೂ ಬೇಳೆಗಳಲ್ಲಿಯೂ ಸುಲಭವಾಗಲಿಲ್ಲ. ಇದಕ್ಕೆ ಕಾರಣವೇನು?

ಈ ಕಾರ್ಯಕ್ಕೆ ಎರಡು ಮೆಟ್ಟಿಲುಗಳಿವೆ. ಜೀನು ಕೋಶವನ್ನು ಸೇರುವುದು ಮೊದಲನೆಯದು. ಅದೇ ಕೋಶವು ಬೆಳೆದು ಪೂರ್ಣ ಗಿಡವಾಗುವುದು ಎರಡನೆಯದು. ಜೀನನ್ನು ಪಡೆದ ಕೋಶಗಳು ಚಿಗುರದೆ, ಚಿಗುರಬಲ್ಲ ಕೋಶಗಳು ಜೀನನ್ನು ಪಡೆಯದೆ ಹೋದರೆ ಫಲವು ಶೂನ್ಯವೇ ಸರಿ.

ಗಾಯದಿಂದ ಒಸರುವ ಅಸಿಟೋಸಿರಿಂಗೋನ್ ಎಂಬ ಪದಾರ್ಥವೇ ಸೂಕ್ಷ್ಮಜೀವಿಯನ್ನು ಕಾರ್ಯಕ್ಕೆ ಪ್ರೇರಿಸುವುದೆಂದು 1985ರಲ್ಲಿ ತಿಳಿಯಿತು. ಜಪಾನಿನ ಸಂಶೋಧಕರು ಇದನ್ನು ಹೊರಗಿನಿಂದ ಒದಗಿಸಿ, ಬೇಗ ವಿಭಜನೆಗೊಳ್ಳುವ ಅಂಗಾಂಶವನ್ನು ಆರಿಸಿಕೊಂಡು, 1994ರಲ್ಲಿ ಬತ್ತದಲ್ಲಿ ಹೆಚ್ಚಿನ ಸಾಫಲ್ಯವನ್ನು ಪಡೆದರು. ಸೂಕ್ಷ್ಮಜೀವಿಯೊಡನೆ ಅಂಗಾಂಶವನ್ನಿರಿಸುವ ದಿನಗಳಲ್ಲಿ ಉಷ್ಣತೆಯೂ ಮುಖ್ಯ: ಅದು 28 ಡಿಗ್ರಿ ಸೆಲ್ಸಿಯಸ್ ಮೀರಿದರೆ ವರ್ಗಾವಣೆ ಕುಗ್ಗುತ್ತದೆ, 22ರ ಸುಮಾರಿನಲ್ಲಿ ಚೆನ್ನಾಗಿ ನಡೆಯುತ್ತದೆ.

ಎರಡನೆಯ ಮೆಟ್ಟಿಲಿಗೆ ಬೇರೆ ಉಪಾಯ ಬೇಕು. ಭ್ರೂಣದ ಬೆಳವಣಿಗೆಯನ್ನು ಪ್ರೇರಿಸುವ ಬೇಬಿ ಬೂಮ್ ಮತ್ತು ಚಿಗುರುತುದಿಯನ್ನು ಕಾಯುವ ವುಶೆಲ್-2 ಜೀನುಗಳನ್ನು ಜೊತೆಗೆ ಸೇರಿಸಿದಾಗ, ಮೊದಲು ಒಗ್ಗದಿದ್ದ ಮೆಕ್ಕೆಜೋಳದ ತಳಿಗಳೂ ಸಾಧ್ಯವಾದುವೆಂದು 2016ರಲ್ಲಿ ಪ್ರಕಟವಾಯಿತು. ಆದರೆ ಇವು ಸದಾ ಕ್ರಿಯಾಶೀಲವಾಗಿದ್ದರೆ ಗಿಡವು ವಿಕಾರಗೊಳ್ಳುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ಇವುಗಳನ್ನು ತೆಗೆದುಹಾಕಬೇಕಾಗುತ್ತದೆ.

ಹಾಗಾದರೆ ಪ್ರಯೋಗವು ವಿಫಲವಾದಾಗ ದೋಷವು ಯಾವ ಮೆಟ್ಟಿಲಿನಲ್ಲಿದೆಯೆಂದು ತಿಳಿಯುವುದು ಹೇಗೆ? 1987ರಲ್ಲಿ ಸಸ್ಯಗಳಿಗಾಗಿ ರೂಪುಗೊಂಡ ಗಸ್ ಪರೀಕ್ಷೆಯಲ್ಲಿ, ಜೀನು ಸೇರಿ ಕೆಲಸಮಾಡುತ್ತಿರುವ ಕೋಶಗಳು ನೀಲಿಬಣ್ಣ ತಾಳುತ್ತವೆ. ಸೂಕ್ಷ್ಮಜೀವಿಯು ತಾನೇ ಓದಲಾರದಂತೆ ನಡುವೆ ಇಂಟ್ರಾನ್ ಇರಿಸಿದ ಗಸ್ ಜೀನನ್ನು ಬಳಸಿದರೆ ಮೋಸಹೋಗುವ ಭಯವಿಲ್ಲ. ಕೆಲವು ದಿನಗಳಲ್ಲಿ ನೀಲಿ ಚುಕ್ಕೆಗಳು ವಿರಳವಾಗಿ ಕಂಡರೆ ಮೊದಲ ಮೆಟ್ಟಿಲನ್ನು ತಿದ್ದಬೇಕು. ಚುಕ್ಕೆಗಳು ಹೇರಳವಾಗಿದ್ದೂ ಗಿಡ ಬಾರದಿದ್ದರೆ ಅಸಿಟೋಸಿರಿಂಗೋನನ್ನು ಹೆಚ್ಚಿಸಿ ಪ್ರಯೋಜನವಿಲ್ಲ; ಹಾರ್ಮೋನುಗಳ ಪ್ರಮಾಣ, ಅಂಗಾಂಶದ ವಯಸ್ಸು, ಆಯ್ಕೆಗೆ ಬಳಸುವ ಪ್ರತಿಜೈವಿಕದ ಉಗ್ರತೆ ಇವುಗಳನ್ನು ಪರಿಶೀಲಿಸಬೇಕು.

ಕೊನೆಯದಾಗಿ ಎಣಿಕೆಯ ಮಾತು. ಒಂದೇ ತುಂಡಿನಿಂದ ಹೊರಟ ಹತ್ತು ಚಿಗುರುಗಳು ಒಂದೇ ಕೋಶದ ಸಂತತಿಯಾಗಿರಬಹುದು. ಅವನ್ನು ಹತ್ತು ಎಂದೆಣಿಸುವುದು ತಪ್ಪು. ಕೊಳೆತ ತುಂಡುಗಳನ್ನು ಲೆಕ್ಕದಿಂದ ಬಿಡುವುದೂ ತಪ್ಪು. ಇಂತಹ ಶೇಕಡಾಂಕವನ್ನು ನಂಬಿದ ಇನ್ನೊಬ್ಬ ವಿದ್ಯಾರ್ಥಿಯ ಒಂದು ವರ್ಷದ ಶ್ರಮ ವ್ಯರ್ಥವಾದೀತು. ಸಾಫಲ್ಯವನ್ನು ಹೆಚ್ಚಿಸಬಯಸುವವನು ಮೊದಲು ಅದನ್ನು ಪ್ರಾಮಾಣಿಕವಾಗಿ ಅಳೆಯಬೇಕು.