ಮರುಬಳಕೆ ಪ್ಲಾಸ್ಟಿಕ್ ಹಲಗೆ: ಕೊಟ್ಟಿಗೆಗೆ ಹಾಕುವ ಮುನ್ನ



ಹಳೆಯ ಪ್ಲಾಸ್ಟಿಕ್ ಕೊಡ, ಚೀಲ, ಕೊಳವೆಗಳನ್ನು ಕರಗಿಸಿ, ಭತ್ತದ ಹೊಟ್ಟು ಇಲ್ಲವೆ ಮರದ ಹುಡಿ ಬೆರೆಸಿ ಮಾಡಿದ ಹಲಗೆ ಮತ್ತು ಕಂಬಗಳು ಈಗ ದೊರೆಯುತ್ತವೆ. ಇವು ಮರಕ್ಕಿಂತ ಗೆದ್ದಲನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಕರಾವಳಿ, ಮಲೆನಾಡುಗಳ ಸೆಕೆ ಮತ್ತು ಮಳೆಗೆ ಹಾಗೂ ಬೆಂಕಿಗೆ ಎಲ್ಲ ಹಲಗೆಗಳೂ ಒಂದೇ ರೀತಿ ಬಾಳುವುದಿಲ್ಲ. ಕೊಳ್ಳುವ ಮುನ್ನ ಮೂರು ಅಂಶಗಳನ್ನು ಗಮನಿಸಿರಿ.

ತೇವ: ಪ್ಲಾಸ್ಟಿಕ್ ನೀರು ಹೀರುವುದಿಲ್ಲ, ಒಳಗಿನ ಹೊಟ್ಟು ಹೀರುತ್ತದೆ. ಅದು ನೆನೆದು ಉಬ್ಬಿ, ಒಣಗಿ ಕುಗ್ಗಿದಂತೆಲ್ಲ ಹಲಗೆಯಲ್ಲಿ ಬಿರುಕು ಬೀಳುತ್ತದೆ. ಮ್ಯಾಲೆಯಿಕ್ ಅನ್‌ಹೈಡ್ರೈಡ್ ಕೂಡಿಸಿದ ಪಾಲಿಥೀನನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಹೊಟ್ಟು ಮತ್ತು ಪ್ಲಾಸ್ಟಿಕ್ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಎರಡು ಕಡೆಯ ತುಂಡುಗಳನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು, ಒರೆಸಿ ಮತ್ತೆ ತೂಗಿರಿ. ತನ್ನ ತೂಕಕ್ಕೆ ಹೋಲಿಸಿದರೆ ಕಡಿಮೆ ನೀರು ಹೀರಿದ್ದು ಮೇಲು.

ಬಿಸಿಲು: ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿಯನ್ನು ಶೇಕಡಾ 2ರಷ್ಟು ಬೆರೆಸಿದರೆ ಬಾಳಿಕೆ ಹೆಚ್ಚುತ್ತದೆ. ಕಾದ ಹಲಗೆ ಭಾರಕ್ಕೆ ಬಾಗುವುದರಿಂದ ಆಧಾರಗಳನ್ನು ಮರದ ಹಲಗೆಗಿಂತ ಹತ್ತಿರ ಕೊಡಬೇಕು. ಹಿಗ್ಗಲು ತುದಿಗಳಲ್ಲಿ ಸಂದು ಬಿಡಬೇಕು.

ಬೆಂಕಿ: ಇದು ಎಲ್ಲಕ್ಕಿಂತ ಮುಖ್ಯ. ಪಾಲಿಥೀನ್ ಕರಗಿ, ಉರಿಯುವ ಹನಿಗಳಾಗಿ ಬೀಳುತ್ತದೆ. ಕೆಳಗೆ ಒಣಹುಲ್ಲಿದ್ದರೆ ದನಕರುಗಳ ಗತಿಯೇನು? ಇದನ್ನು ತಡೆಯಲು ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಬೆರೆಸುತ್ತಾರೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ನೀರಾವಿಯನ್ನು ಹೊರಬಿಟ್ಟು ಜ್ವಾಲೆಯನ್ನು ತಂಪಾಗಿಸುತ್ತದೆ. ಆದರೆ ಅದೊಂದನ್ನೇ ನೆಚ್ಚಿದರೆ ಮಿಶ್ರಣದ ಅರ್ಧಕ್ಕೂ ಹೆಚ್ಚು ಭಾಗ ಅದೇ ಇರಬೇಕಾಗುತ್ತದೆ. ಆಗ ಹಲಗೆ ಭಾರವಾಗಿ, ಬೇಗ ಮುರಿಯುವಂತಾಗುತ್ತದೆ. ಆದುದರಿಂದ "ಸ್ವಲ್ಪ ಔಷಧಿ ಬೆರೆಸಿದ್ದೇವೆ" ಎಂಬ ಮಾತನ್ನು ನಂಬಬೇಡಿ. ವಿ-0 ದರ್ಜೆಯ ಪರೀಕ್ಷಾ ವರದಿ ಕೇಳಿರಿ. ಈ ಪರೀಕ್ಷೆಯಲ್ಲಿ ನೆಟ್ಟಗೆ ತೂಗುಹಾಕಿದ ತುಂಡಿಗೆ 10 ಸೆಕೆಂಡು ಜ್ವಾಲೆ ತಾಗಿಸಿ ತೆಗೆಯುತ್ತಾರೆ. ಉರಿ 10 ಸೆಕೆಂಡಿನೊಳಗೆ ತಾನಾಗಿ ಆರಬೇಕು. ಉರಿಯುವ ಹನಿ ಬೀಳಬಾರದು. ಈ ದರ್ಜೆಯ ಹಲಗೆಯೂ ದೊಡ್ಡ ಬೆಂಕಿಯಲ್ಲಿ ಸುಡುತ್ತದೆ ಎಂಬುದನ್ನು ಮರೆಯಬಾರದು.

ಬೇಲಿ ಕಂಬ, ತೋಟದ ಕಾಲುಸೇತುವೆ, ಕಟ್ಟೆಗಳಿಗೆ ಈ ಹಲಗೆ ಸೂಕ್ತ. ಹುಲ್ಲಿನ ಅಟ್ಟ, ಅಡಿಕೆ ಬೇಯಿಸುವ ಒಲೆಯ ಮಗ್ಗುಲು, ವಿದ್ಯುತ್ ಮೀಟರಿನ ಹಿಂಬದಿಗೆ ಬೇಡ. ಉಳಿದ ಚೂರುಗಳನ್ನು ಒಲೆಗೆ ಹಾಕಲೇಬಾರದು. ಅದರಲ್ಲಿ ಪಿವಿಸಿ ಸೇರಿದ್ದರೆ ಹೊಗೆಯಲ್ಲಿನ ಆಮ್ಲ ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ.